ಮೊಬಿಲಿಟಿ ಸ್ಕೂಟರ್‌: ಪರೀಕ್ಷೆಯ ವಿವರ ಕೊಳ್ಳುವವರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಮಂಡಿನೋವಿನಿಂದ ನಡೆಯಲಾಗದ ನನ್ನ ತಾಯಿಗೆ ಕುಳಿತು ಓಡಾಡಬಹುದಾದ, ಬ್ಯಾಟರಿ ಚಾಲಿತ ಮೂರು ಚಕ್ರದ ಮೊಬಿಲಿಟಿ ಸ್ಕೂಟರ್‌ ಕೊಳ್ಳಲು ಹೋದಾಗ, ಅಂಗಡಿಯವರು ‘ಅಮೆರಿಕದ ಎಫ್‌ಡಿಎ ಅನುಮೋದಿತ’ (ಎಫ್‌ಡಿಎ ಎಂದರೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) ಎಂಬ ಚೀಟಿ ತೋರಿಸಿದರೇ ಹೊರತು, ಇಳಿಜಾರಿನಲ್ಲಿ ಬ್ರೇಕ್‌ ಹಾಕಿದರೆ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಅಮೆರಿಕದಲ್ಲಿ ಇಂಥ ಮೂರು ಚಕ್ರದ ವಾಹನ 2ನೇ ವರ್ಗದ, ಅಂದರೆ ಮಧ್ಯಮ ಅಪಾಯದ, ವೈದ್ಯಕೀಯ ಸಾಧನ. 510(ಕೆ) ಎಂಬ, ಮಾರಾಟಕ್ಕೆ ಮುಂಚಿನ ಎಫ್‌ಡಿಎ ಪರಿಶೀಲನೆಯಲ್ಲಿ ತಯಾರಕರು ತಮ್ಮ ಸಾಧನವು ಈಗಾಗಲೇ ಕಾನೂನುಬದ್ಧವಾಗಿ ಮಾರಾಟದಲ್ಲಿರುವ ಇನ್ನೊಂದಕ್ಕೆ ಸುರಕ್ಷತೆಯಲ್ಲೂ ಕೆಲಸದಲ್ಲೂ ಸರಿಸಮಾನವೆಂದು ತೋರಿಸಬೇಕಾಗುತ್ತದೆ. ಹಾಗೆ ಸಿಗುವುದು ಮಾರಾಟಕ್ಕೆ ಒಪ್ಪಿಗೆಯೇ (ಕ್ಲಿಯರೆನ್ಸ್‌) ವಿನಾ ಎಫ್‌ಡಿಎ ಲೆಕ್ಕದಲ್ಲಿ ‘ಅನುಮೋದನೆ’ (ಅಪ್ರೂವಲ್‌) ಅಲ್ಲ. ಚೀಟಿಯ ಮೇಲಿನ ಆ ಒಂದು ಪದ ಗ್ರಾಹಕರನ್ನು ದಾರಿ ತಪ್ಪಿಸುತ್ತದೆ.

ಕೊಳ್ಳುವವರಿಗೆ ಬೇಕಾದದ್ದು ಚೀಟಿಯಲ್ಲ, ಪರೀಕ್ಷೆಯ ಫಲಿತಾಂಶ. ಗಾಲಿಕುರ್ಚಿ ಮತ್ತು ಸ್ಕೂಟರ್‌ಗಳಿಗೆ ಐಎಸ್‌ಒ 7176 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಸರಣಿಯೇ ಇದೆ: ನಿಂತಾಗ ಮತ್ತು ಚಲಿಸುವಾಗ ಮಗುಚದಿರುವ ಸ್ಥಿರತೆಯನ್ನು ಅದರ 1 ಮತ್ತು 2ನೇ ಭಾಗಗಳು, ಬ್ರೇಕ್‌ನ ಸಾಮರ್ಥ್ಯವನ್ನು 3ನೇ ಭಾಗ, ಸುತ್ತಲಿನ ರೇಡಿಯೊ ಅಲೆಗಳಿಂದ ನಿಯಂತ್ರಣ ಕೆಡದಿರುವುದನ್ನು 21ನೇ ಭಾಗ ಅಳೆಯುತ್ತವೆ. ನಮ್ಮ ಪಾದಚಾರಿ ಮಾರ್ಗಗಳ ಏರುತಗ್ಗು ಬಲ್ಲವರಿಗೆ ಮೊದಲ ಮೂರರ ಮಹತ್ವವನ್ನು ವಿವರಿಸಬೇಕಿಲ್ಲ.

ಭಾರತದಲ್ಲಿ 2020ರ ಏಪ್ರಿಲ್‌ 1ರಿಂದ ವೈದ್ಯಕೀಯ ಸಾಧನಗಳೆಲ್ಲವೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಹಾಗಿರುವಾಗ, ಗರಿಷ್ಠ ಇಳಿಜಾರು, ನಿಲ್ಲುವ ದೂರ ಮತ್ತು ಹೊರುವ ತೂಕವನ್ನು ಕನ್ನಡದಲ್ಲೂ ಗಾಡಿಯ ಮೇಲೆಯೇ ಮುದ್ರಿಸುವಂತೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಮಾರಾಟಗಾರರಿಗೆ ಸೂಚಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಮೈಸೂರು