ಕವಿತೆಗೆ ಆರು ವರ್ಷಗಳ ಸಜೆ

ಮಾನ್ಯ ಸಂಪಾದಕರೇ,

ಕಠ್ಮಂಡು ಎಂದರೆ ನಮಗೆ ಪಶುಪತಿನಾಥ, ಅಲ್ಲಿ ಪೂಜೆ ಮಾಡುವ ಕರ್ನಾಟಕ ಮೂಲದ ಭಟ್ಟರು, ಅಷ್ಟಕ್ಕೇ ಮುಗಿಯಿತು. ಆ ಕಣಿವೆಯ ನೇವಾರರ ಭಾಷೆಗೆ ಶತಮಾನಗಳ ಸಾಹಿತ್ಯವಿದೆ ಎಂಬ ಸುದ್ದಿ ನಮ್ಮ ಪುರವಣಿಗಳತ್ತ ಸುಳಿಯುವುದೇ ಅಪರೂಪ.

ನೇಪಾಳದ ವಂಶಪಾರಂಪರ್ಯ ಪ್ರಧಾನಿಗಳಾಗಿದ್ದ ರಾಣಾಗಳ ಆಳ್ವಿಕೆಯಲ್ಲಿ ಆ ಭಾಷೆಯಲ್ಲಿ ಬರೆಯುವುದೇ ಅಪರಾಧವಾಗಿತ್ತು. ವ್ಯಾಪಾರಿ ಮನೆತನದ ಚಿತ್ತಧರ ‘ಹೃದಯ’ ಎಂಬ ಕವಿ ತಾಯಿಯ ಕುರಿತು ಕವಿತೆ ಪ್ರಕಟಿಸಿದರು. ಸಿಕ್ಕಿದ್ದು ಆರು ವರ್ಷಗಳ ಸಜೆ! ತಾಯಿಯನ್ನು ನೆನೆದರೂ ರಾಜದ್ರೋಹವೆಂದರೆ ಆಳುವವರ ಪುಕ್ಕಲುತನ ಎಷ್ಟಿರಬೇಕು? 1941ರಿಂದ 1945ರವರೆಗೆ ಸೆರೆಯಲ್ಲಿದ್ದ ಅವರು ಬುದ್ಧನ ಜೀವನವನ್ನು ‘ಸುಗತ ಸೌರಭ’ ಎಂಬ ಮಹಾಕಾವ್ಯವಾಗಿಸಿ, ಚೂರುಪಾರು ಕಾಗದದಲ್ಲಿ ಬರೆದು ಗುಟ್ಟಾಗಿ ಹೊರಗೆ ದಾಟಿಸಿದರು. ಕಥೆ ಕಪಿಲವಸ್ತುವಿನದಾದರೂ ಅಲ್ಲಿ ಕಾಣುವ ಮನೆ, ಮದುವೆ, ಒಡವೆ, ಹಬ್ಬದೂಟ ಎಲ್ಲವೂ ನೇವಾರರದೇ. ಕೊನೆಗೆ ತಮ್ಮ ಆಸ್ತಿಯನ್ನೂ ಭಾಷಾ ಪರಿಷತ್ತಿಗೆ ಬರೆದುಕೊಟ್ಟರು.

ನೇವಾರರು ಅಳುಮೋರೆಯ ಜನರೇನೂ ಅಲ್ಲ. ಗಾಯಿ ಜಾತ್ರೆಯಂದು, ಆ ವರ್ಷ ತೀರಿಕೊಂಡವರ ಹೆಸರಿನಲ್ಲಿ ಮಗುವಿಗೆ ಹಸುವಿನ ವೇಷ ಹಾಕಿ ಬೀದಿಗಿಳಿಯುತ್ತಾರೆ. ಅದೇ ಹಬ್ಬದಲ್ಲಿ ಅಧಿಕಾರಸ್ಥರನ್ನು ಮನಸಾರೆ ಅಣಕಿಸುತ್ತಾರೆ. ಮಗನನ್ನು ಕಳೆದುಕೊಂಡ ರಾಣಿಯನ್ನು ನಗಿಸಲು ಹದಿನೇಳನೇ ಶತಮಾನದ ಕಠ್ಮಂಡುವಿನ ಅರಸ ಪ್ರತಾಪ ಮಲ್ಲನೇ ಇದಕ್ಕೆಲ್ಲ ಅವಕಾಶ ಕೊಟ್ಟನಂತೆ. ಮಲ್ಲರಿಗಿದ್ದ ಆ ಹಾಸ್ಯಪ್ರಜ್ಞೆ ರಾಣಾಗಳಿಗೆ ಇರಲಿಲ್ಲ, ಅಷ್ಟೇ.

‘ಸುಗತ ಸೌರಭ’ ಇಂಗ್ಲಿಷಿಗೆ ಬಂದು ವರ್ಷಗಳೇ ಕಳೆದಿವೆ. ಬುದ್ಧನ ಬಗ್ಗೆ ಇಷ್ಟೊಂದು ಓದುವ ಕನ್ನಡಿಗರಿಗಾಗಿ ಅದರ ಒಂದೆರಡು ಸರ್ಗಗಳನ್ನಾದರೂ ಬಲ್ಲವರಿಂದ ಅನುವಾದ ಮಾಡಿಸಿ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬಾರದೇಕೆ?

– ಓದುಗ, ಶಿರಸಿ