ಕೇರಳದ ಟೆಲಿವಿಷನ್ ಪ್ರಶಸ್ತಿಯಲ್ಲಿ ಕನ್ನಡಕ್ಕೂ ವಿಭಾಗ ತೆರೆಯಿರಿ

ಕೇರಳ ಸರಕಾರದ ಮಾನ್ಯ ಸಾಂಸ್ಕೃತಿಕ ಸಚಿವರಿಗೆ ವಂದನೆಗಳು.

ರಾಜ್ಯ ಚಲಚ್ಚಿತ್ರ ಅಕಾಡೆಮಿಯ ಮೂಲಕ ತಮ್ಮ ಇಲಾಖೆ ವರ್ಷಂಪ್ರತಿ ನೀಡುವ ರಾಜ್ಯ ಟೆಲಿವಿಷನ್ ಪ್ರಶಸ್ತಿಗಳ ಕುರಿತು ಬರೆಯುತ್ತಿದ್ದೇನೆ. ಧಾರಾವಾಹಿಯಿಂದ ಸಾಕ್ಷ್ಯಚಿತ್ರದವರೆಗೆ, ಛಾಯಾಗ್ರಾಹಕರಿಂದ ವಾರ್ತಾವಾಚಕರವರೆಗೆ ಹಲವರ ದುಡಿಮೆಯನ್ನು ಗುರುತಿಸುವ ಈ ಪ್ರಶಸ್ತಿಗಳು ಮಲಯಾಳಂ ಕಾರ್ಯಕ್ರಮಗಳಿಗೆ ಸಲ್ಲುತ್ತಾ ಬಂದಿವೆ. ಇದೇ ರಾಜ್ಯದ ಪ್ರಜೆಗಳು ಕಾಸರಗೋಡಿನಲ್ಲಿ ಕನ್ನಡದಲ್ಲಿ ತಯಾರಿಸುವ ಕಾರ್ಯಕ್ರಮಗಳಿಗೂ ಅಲ್ಲಿ ಒಂದು ವಿಭಾಗ ಬೇಕೆಂಬುದು ನನ್ನ ಬಿನ್ನಹ.

ನನ್ನದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ, ಕಾಸರಗೋಡು ಜಿಲ್ಲೆಯ ಕುಂಬಳೆ. ಕೊಯ್ಲು ಮುಗಿದ ಗದ್ದೆಯಲ್ಲಿ ಬೆಳಗಿನವರೆಗೆ ನಡೆಯುವ ಯಕ್ಷಗಾನ ಬಯಲಾಟವನ್ನು ಕೇಬಲ್ ವಾಹಿನಿಗಾಗಿ ಚಿತ್ರೀಕರಿಸುವ ಹುಡುಗರನ್ನು ಹತ್ತಿರದಿಂದ ಕಂಡಿದ್ದೇನೆ. ಚೆಂಡೆಯ ಪೆಟ್ಟಿನಲ್ಲಿ ಭಾಗವತರ ಪದ ಮುಳುಗದಂತೆ ಮೈಕ್ ಇಡುವುದಕ್ಕೂ, ವೇಷ ಕಟ್ಟುವ ಚೌಕಿಯ ಮಂದ ಬೆಳಕಿನಲ್ಲಿ ಬಣ್ಣದ ವೇಷದ ಮುಖದ ಒಂದೊಂದು ಗೆರೆಯೂ ಕಾಣುವಂತೆ ಕ್ಯಾಮರಾ ಹಿಡಿಯುವುದಕ್ಕೂ, ತಾಳ ತಪ್ಪದ ಹಾಗೆ ದೃಶ್ಯಗಳನ್ನು ಜೋಡಿಸುವುದಕ್ಕೂ ವರ್ಷಗಟ್ಟಲೆಯ ಅಭ್ಯಾಸ ಬೇಕು. ಆ ಕೆಲಸವನ್ನು ತಮ್ಮದೇ ಸರಕಾರ ಒಮ್ಮೆ ತೂಗಿ ನೋಡಲಿ ಎಂದು ಅವರು ಬಯಸಿದರೆ ಅದು ನ್ಯಾಯವಾದ ಬಯಕೆ.

ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ರಾಜ್ಯ ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಒಪ್ಪಿಕೊಂಡಿದೆ. ಅರ್ಜಿಗೆ ಸಂದ ಈ ಮಾನ್ಯತೆ ಕಲೆಗೂ ಸಲ್ಲಬೇಡವೇ? ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇಲ್ಲದ ತುಳುವಿನ ಚಿತ್ರಗಳಿಗೂ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಸ್ಥಾನವಿದೆ. ಕಾಸರಗೋಡಿನ ಮನೆಮಾತುಗಳಲ್ಲಿ ತುಳುವೂ ಒಂದಾದ್ದರಿಂದ ಅದನ್ನೂ ಈ ವಿಭಾಗಕ್ಕೆ ಸೇರಿಸಿಕೊಂಡರೆ ಇನ್ನೂ ಸಂತೋಷ.

ರಿಯಾಯಿತಿಯನ್ನು ನಾನು ಕೇಳುತ್ತಿಲ್ಲ. 2020ರ ಪ್ರಶಸ್ತಿಗೆ ಯೋಗ್ಯವಾದ ಧಾರಾವಾಹಿ ಇಲ್ಲವೆಂದು ತೀರ್ಪುಗಾರರು ಅತ್ಯುತ್ತಮ ಧಾರಾವಾಹಿಯ ಪ್ರಶಸ್ತಿಯನ್ನೇ ಕೊಡಲಿಲ್ಲ. ಆ ನಿಷ್ಠುರತೆ ನನಗೆ ಮೆಚ್ಚುಗೆಯಾಯಿತು. ಕನ್ನಡದ ಕಾರ್ಯಕ್ರಮಗಳನ್ನೂ ಅದೇ ಅಳತೆಗೋಲಿನಿಂದ ಅಳೆಯಲಿ. ಆದರೆ ಅಳೆಯುವವರಲ್ಲಿ ಒಬ್ಬರಾದರೂ ಕನ್ನಡ ಬಲ್ಲವರು, ಯಕ್ಷಗಾನದ ಮಾತುಗಾರಿಕೆಯ ಸೂಕ್ಷ್ಮವನ್ನು ಹಿಡಿಯಬಲ್ಲವರು ಇರಬೇಕು. ಪ್ರಶಸ್ತಿಯ ಪ್ರಕಟಣೆ ಮತ್ತು ಅರ್ಜಿ ನಮೂನೆ ಕನ್ನಡದಲ್ಲೂ ಸಿಗಬೇಕು.

ಮುಂದಿನ ಪ್ರಶಸ್ತಿಗೆ ಅರ್ಜಿ ಆಹ್ವಾನಿಸುವ ಮೊದಲೇ ನಿಯಮಾವಳಿಗೆ ಈ ತಿದ್ದುಪಡಿ ತರಬೇಕೆಂದು ವಿನಂತಿಸುತ್ತೇನೆ. ತಮ್ಮ ಉತ್ತರವನ್ನು, ಕಾಯ್ದೆ ಹೇಳುವಂತೆ, ಕನ್ನಡದಲ್ಲಿ ನಿರೀಕ್ಷಿಸುತ್ತೇನೆ.

ಇತಿ,
ಕುಂಬಳೆಯ ಒಬ್ಬ ಕನ್ನಡ ವೀಕ್ಷಕ