ಚಿಪ್ ಕೊರತೆಯ ಹೊರೆ ಗ್ರಾಹಕನೊಬ್ಬನಿಗೇ ಏಕೆ?

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್‌ನ ನೆಕ್ಸ್‌ಪೀರಿಯಾ ಕಂಪನಿಯು ಚೀನಾದಲ್ಲಿ ಸಿದ್ಧಪಡಿಸುವ, ಕಾರಿನ ಎಲೆಕ್ಟ್ರಾನಿಕ್ ಭಾಗಗಳಿಗೆ ಬೇಕಾದ ಚಿಪ್‌ಗಳು ಹೊರಹೋಗದಂತೆ ಚೀನಾ ತಡೆದಾಗ ಹಲವು ಕಾರು ತಯಾರಕರು ಮತ್ತೆ ಕಂಗಾಲಾದರು. ಆ ಸುದ್ದಿ ಓದಿದ ನನಗೆ 2021ರಲ್ಲಿ ಪಟ್ಟ ಪಾಡು ನೆನಪಾಯಿತು.

2020ರ ಲಾಕ್‌ಡೌನ್‌ನಲ್ಲಿ ಕಾರು ಕಂಪನಿಗಳು ಚಿಪ್ ಬೇಡಿಕೆಯನ್ನು ರದ್ದು ಮಾಡಿದವು. ಚಿಪ್ ತಯಾರಕರು ಆ ಉತ್ಪಾದನಾ ಸಾಮರ್ಥ್ಯವನ್ನು ಲ್ಯಾಪ್‌ಟಾಪ್, ಮೊಬೈಲ್‌ಗಳಿಗೆ ತಿರುಗಿಸಿದರು. ಚಿಪ್ ಒಂದು ತಯಾರಾಗಲು ತಿಂಗಳುಗಳೇ ಹಿಡಿಯುವುದರಿಂದ, ಕಾರುಗಳಿಗೆ ಬೇಡಿಕೆ ಮರಳಿದಾಗ ಚಿಪ್‌ಗಳು ತಕ್ಷಣ ಸಿಗಲಿಲ್ಲ. 2021ರ ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದು ಸಂಕಟ ಇಮ್ಮಡಿಸಿತು. ಸೆಪ್ಟೆಂಬರ್‌ನಲ್ಲಿ ಹರಿಯಾಣ ಮತ್ತು ಗುಜರಾತಿನ ತನ್ನ ಉತ್ಪಾದನೆ ಮಾಮೂಲಿನ ಸುಮಾರು ಶೇ 40ಕ್ಕೆ ಇಳಿಯಬಹುದೆಂದು ಮಾರುತಿ ಸುಜುಕಿಯೇ ತಿಳಿಸಿತ್ತು.

ಆ ವರ್ಷ ನಾನು ಮುಂಗಡ ಕೊಟ್ಟು ಕಾರು ಬುಕ್ ಮಾಡಿದ್ದೆ. ಎರಡು ತಿಂಗಳು ಎಂದವರು ಏಳು ತಿಂಗಳಾದರೂ ದಿನಾಂಕ ಹೇಳಲಿಲ್ಲ. ಅಷ್ಟರಲ್ಲಿ ಬೆಲೆಯೂ ಏರಿತು. ಕೇಳಿದರೆ ಶೋರೂಮಿನ ಹುಡುಗ ರಸೀದಿಯನ್ನು ಮಗುಚಿ, ಹಿಂಬದಿಯ ಸಣ್ಣಕ್ಷರದ ಸಾಲೊಂದರ ಮೇಲೆ ಬೆರಳಿಟ್ಟ: ವಾಹನ ಕೊಡುವ ದಿನದ ಬೆಲೆಯೇ ಅನ್ವಯ. ತಡ ಮಾಡಿದವರು ಅವರು, ತಡದ ಬೆಲೆ ತೆರಬೇಕಾದವನು ನಾನು!

ಮುಂಗಡ ಹಿಂಪಡೆದು ಹಳೆ ಕಾರು ನೋಡಲು ಹೋದರೆ ಅಲ್ಲಿಯೂ ಅದೇ ಗೋಳು. ಟೈರು ಸವೆದು, ಸೀಟಿನ ಹೊದಿಕೆ ಹರಿದಿದ್ದ 2016ರ ಕಾರಿಗೆ ಹೇಳಿದ ಬೆಲೆ ಕೇಳಿ ನನ್ನ ಹೆಂಡತಿ ಕೆಳಗಿಳಿದು ಬಾಗಿಲು ಮುಚ್ಚಿದಳು. "ಹೊಸದಕ್ಕೆ ವರ್ಷ ಕಾಯ್ತೀರಾ ಸರ್, ಇವತ್ತೇ ಕೀ ತಗೊಳ್ತೀರಾ?" ಎಂದ ದಲ್ಲಾಳಿಯದು ತಪ್ಪೆನ್ನಲಾರೆ, ಹೊಸ ಕಾರು ಸಿಗದವರೆಲ್ಲ ಅವನ ಬಾಗಿಲಿಗೇ ಬರುತ್ತಿದ್ದರು. ಅಮೆರಿಕದಲ್ಲಂತೂ 2021ರ ಜೂನ್‌ನಲ್ಲಿ ಹಳೆ ವಾಹನಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇ 45ರಷ್ಟು ಏರಿತ್ತು. ಹೊಸ ಕಾರು ಕೊಳ್ಳುವ ಶಕ್ತಿಯೇ ಇಲ್ಲದೆ ಹಳೆಯದನ್ನೇ ನೆಚ್ಚಿಕೊಂಡ ಕುಟುಂಬಗಳಿಗೆ ಈ ಪೆಟ್ಟು ಎಲ್ಲರಿಗಿಂತ ಜೋರಾಗಿ ಬಿತ್ತೆಂಬುದೇ ನನ್ನ ಸಂಕಟ.

ಕಾರ್ಖಾನೆಯ ಬೆಂಕಿಯನ್ನು, ದೇಶಗಳ ಜಗಳವನ್ನು ಯಾರೂ ಮೊದಲೇ ಊಹಿಸಲಾಗದು, ನಿಜ. ಆದರೆ ಬುಕಿಂಗ್ ದಿನದ ಬೆಲೆ ಮತ್ತು ಕಾರು ಕೊಡುವ ಗಡುವನ್ನು ರಸೀದಿಯ ಮುಂಬದಿಯಲ್ಲೇ ದಪ್ಪಕ್ಷರದಲ್ಲಿ ನಮೂದಿಸಬೇಕು, ಗಡುವು ಮೀರಿದರೆ ಹಳೆಯ ಬೆಲೆಗೇ ಕಾರು ಕೊಡಬೇಕು ಇಲ್ಲವೇ ಮುಂಗಡವನ್ನು ಬಡ್ಡಿಸಹಿತ ಹಿಂದಿರುಗಿಸಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವಾಲಯವು ನಿಯಮ ಮಾಡಲಿ.

ಇತಿ,
ತಮ್ಮ ಓದುಗ,
ದಾವಣಗೆರೆ